ಯಂತ್ರಕ್ಕೆ ಹೇಳುವ ಮಾತು ಎಲ್ಲಿರಬೇಕು?

ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ವಿದ್ಯಾರ್ಥಿಯೊಬ್ಬನು ವಾಚನಗಳನ್ನು ಮಾತ್ರ ಬರೆದು, ಅವು ಯಾವ ಉಷ್ಣತೆಯಲ್ಲಿ ದೊರೆತವು, ತಂತಿಯ ಉದ್ದವೆಷ್ಟಿತ್ತು, ಮಾಪಕದ ಲೀಸ್ಟ್ ಕೌಂಟ್ ಏನು ಎಂಬುದನ್ನು ಬರೆಯದೆ ಬಿಟ್ಟನೆನ್ನೋಣ. ಅವನ ಉತ್ತರ ಸರಿಯಾಗಿಯೇ ಇರಬಹುದು. ಆದರೂ ವಿಜ್ಞಾನದಲ್ಲಿ ಅದಕ್ಕೆ ಬೆಲೆಯಿಲ್ಲ. ಏಕೆಂದರೆ ಅದೇ ಪ್ರಯೋಗವನ್ನು ಇನ್ನೊಬ್ಬನು ಮಾಡಿ ನೋಡುವ ದಾರಿಯನ್ನೇ ಅವನು ಮುಚ್ಚಿಬಿಟ್ಟಿದ್ದಾನೆ. ಈ ನಿಯಮವನ್ನು ನಮ್ಮ ಕಾಲೇಜುಗಳಲ್ಲಿ ಕಟ್ಟುನಿಟ್ಟಾಗಿ ಪಾಲಿಸುತ್ತೇವೆ. ಆದರೆ ಅದೇ ವಿದ್ಯಾರ್ಥಿ ಅದೇ ವರದಿಯನ್ನು ಕಂಪ್ಯೂಟರಿನ ಮುಂದೆ ಕುಳಿತು ಸಿದ್ಧಪಡಿಸುವಾಗ ಯಂತ್ರಕ್ಕೆ ಏನೇನು ಹೇಳಿದನೆಂಬುದನ್ನು ಯಾರೂ ಕೇಳುವುದಿಲ್ಲ, ಅವನೂ ಬರೆದಿಡುವುದಿಲ್ಲ. ಒಂದು ತಿಂಗಳ ಮೇಲೆ ಅದೇ ಪ್ರತಿಯನ್ನು ಮತ್ತೊಮ್ಮೆ ತೆಗೆಯಬೇಕಾಗಿ ಬಂದರೆ ಅವನಿಗೇ ಅದು ಸಾಧ್ಯವಾಗದು. ಯಂತ್ರಕ್ಕೆ ಹೇಳಿದ ಮಾತೂ ಪ್ರಯೋಗದ ಒಂದು ಅಂಗವೇ ಎಂಬುದು ನನ್ನ ವಾದ. ಅದನ್ನು ಒಂದು ಚಿಕ್ಕ ಉದಾಹರಣೆಯ ಮೂಲಕ ವಾಚಕರ ಮುಂದಿಡುತ್ತೇನೆ.

ಬರಹಗಳನ್ನು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಮಾರ್ಪಡಿಸುವ ‘ಪ್ಯಾನ್‌ಡಾಕ್’ ಎಂಬ ಸಾಧನವೊಂದಿದೆ. ಅದನ್ನು ರಚಿಸಿದವರು ಅಮೆರಿಕದ ಬರ್ಕಲಿಯಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಜಾನ್ ಮ್ಯಾಕ್‌ಫಾರ್ಲೇನ್ ಅವರು. ಅವರು ಕಂಪ್ಯೂಟರ್ ಶಾಸ್ತ್ರದ ಪ್ರಾಧ್ಯಾಪಕರಲ್ಲ, ತತ್ತ್ವಶಾಸ್ತ್ರದ ಪ್ರಾಧ್ಯಾಪಕರು ಎಂಬುದು ಸ್ವಾರಸ್ಯದ ಸಂಗತಿ. 2006ರಲ್ಲಿ ಮೊದಲು ಹೊರಬಂದ ಈ ಸಾಧನವನ್ನು ಅವರು ಬರೆದದ್ದು ಹ್ಯಾಸ್ಕೆಲ್ ಭಾಷೆಯಲ್ಲಿ. ಆ ಭಾಷೆಗೆ ಹೆಸರು ಬಂದದ್ದು ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಎಂಬವರಿಂದ. ಪ್ಯಾನ್‌ಡಾಕ್ ಉಚಿತವಾಗಿ ದೊರೆಯುತ್ತದೆ. ಅದರ ಒಳಗುಟ್ಟನ್ನು ಯಾರು ಬೇಕಾದರೂ ತೆರೆದು ಓದಬಹುದು.

ಅದರ ಕೆಲಸದ ಹಿಂದಿರುವ ಯುಕ್ತಿ ಸರಳವಾದುದು. ಹತ್ತು ಬಗೆಯ ಬರಹರೂಪಗಳನ್ನು ಬೇರೆ ಹತ್ತು ರೂಪಗಳಿಗೆ ನೇರವಾಗಿ ತಿರುಗಿಸಬೇಕಾದರೆ ಹತ್ತು ಹತ್ತಲೆ ನೂರು ಪರಿವರ್ತಕಗಳು ಬೇಕಾಗುತ್ತವೆ. ಪ್ಯಾನ್‌ಡಾಕ್ ಹಾಗೆ ಮಾಡುವುದಿಲ್ಲ. ಬಂದ ಬರಹವನ್ನು ಮೊದಲು ತನ್ನದೇ ಆದ ಒಂದು ಮಧ್ಯರೂಪಕ್ಕೆ ತಂದುಕೊಂಡು, ಅಲ್ಲಿಂದ ಬೇಕಾದ ರೂಪಕ್ಕೆ ಕಳುಹಿಸುತ್ತದೆ. ಆಗ ಓದುವ ಭಾಗಗಳು ಹತ್ತು, ಬರೆಯುವ ಭಾಗಗಳು ಹತ್ತು, ಒಟ್ಟು ಇಪ್ಪತ್ತೇ ಸಾಕು. ಆ ಮಧ್ಯರೂಪವು ಒಂದು ವೃಕ್ಷದಂತಿರುತ್ತದೆ. ಬರಹವೆಂಬ ಕಾಂಡದಿಂದ ಶಿರೋನಾಮೆ, ಪ್ಯಾರ, ಪಟ್ಟಿ ಎಂಬ ಕೊಂಬೆಗಳೂ, ಅವುಗಳಿಂದ ಪದ, ಸೂತ್ರ, ಚಿತ್ರ ಎಂಬ ರೆಂಬೆಗಳೂ ಒಡೆದಿರುತ್ತವೆ. ಇವುಗಳಿಗೆಲ್ಲ ಮೇಲೆ, ಬರಹದ ಹೆಸರು, ಲೇಖಕ, ಭಾಷೆ ಮುಂತಾದ ವಿವರಗಳ ಒಂದು ಚೀಟಿಯೂ ಜೊತೆಗಿರುತ್ತದೆ. ಇದಕ್ಕೆ ಮೆಟಾಡೇಟ ಎಂದು ಹೆಸರು.

ಈ ಮಧ್ಯರೂಪವು ಕೈಯಲ್ಲಿರುವಾಗಲೇ ಅದರಲ್ಲಿ ನಮಗೆ ಬೇಕಾದ ಮಾರ್ಪಾಟನ್ನು ಮಾಡಲು ಅವಕಾಶವಿದೆ. ಅದಕ್ಕಾಗಿ ಬರೆಯುವ ಚಿಕ್ಕ ಸ್ಕ್ರಿಪ್ಟಿಗೆ ಫಿಲ್ಟರು ಎನ್ನುತ್ತಾರೆ. 2017ರಲ್ಲಿ ಬಂದ ಪ್ಯಾನ್‌ಡಾಕಿನ 2.0ನೆಯ ಆವೃತ್ತಿಯಿಂದೀಚೆಗೆ ಇಂಥ ಸ್ಕ್ರಿಪ್ಟುಗಳನ್ನು ಲುವಾ ಎಂಬ ಭಾಷೆಯಲ್ಲಿ ಬರೆಯಬಹುದಾಗಿದೆ. ಲುವಾ ಹುಟ್ಟಿದ್ದು 1993ರಲ್ಲಿ, ಬ್ರೆಜಿಲ್ ದೇಶದ ರಿಯೋ ಡಿ ಜನೈರೋ ನಗರದಲ್ಲಿ. ಪೋರ್ಚುಗೀಸ್ ಭಾಷೆಯಲ್ಲಿ ಆ ಪದಕ್ಕೆ ಚಂದ್ರನೆಂದು ಅರ್ಥ. ನಮಗೆ ಹತ್ತಿರವಾದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಭೌತಶಾಸ್ತ್ರದ ಲೆಕ್ಕಗಳ ಒಂದು ಕನ್ನಡ ಹಾಳೆಯಿದೆ. ಅದರಲ್ಲಿರುವ 1, 2, 3 ಎಂಬ ಅಂಕಿಗಳನ್ನು ಕೆಲವರಿಗೆ ಕನ್ನಡ ಅಂಕಿಗಳಲ್ಲಿ ಮುದ್ರಿಸಿ ಕೊಡಬೇಕು; ಕೆಲವರಿಗೆ ಇದ್ದಂತೆಯೇ ಸಾಕು. ಸಾಮಾನ್ಯ ಸಂಪಾದಕ ತಂತ್ರಾಂಶದಲ್ಲಿ ಹುಡುಕಿ ಬದಲಾಯಿಸಹೊರಟರೆ ಸೂತ್ರಗಳೊಳಗಿನ ಅಂಕಿಗಳೂ ಬದಲಾಗಿ ಅನರ್ಥವಾಗುತ್ತದೆ. ವೃಕ್ಷರೂಪದಲ್ಲಾದರೋ ಪದವು ಬೇರೆ ರೆಂಬೆ, ಸೂತ್ರವು ಬೇರೆ ರೆಂಬೆ. ಪದಗಳನ್ನು ಮಾತ್ರ ಮುಟ್ಟು ಎಂದು ಫಿಲ್ಟರಿಗೆ ಹೇಳಿದರೆ ಅದು ಸೂತ್ರಗಳ ಗೊಡವೆಗೆ ಹೋಗುವುದಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಈ ಬಾರಿ ಕನ್ನಡ ಅಂಕಿ ಬೇಕು, ಇನ್ನೊಂದು ಬಾರಿ ಬೇಡ ಎಂಬುದನ್ನು ಫಿಲ್ಟರಿಗೆ ತಿಳಿಸುವುದು ಹೇಗೆ? ಸಾಮಾನ್ಯವಾಗಿ ಯಾವುದೇ ಪ್ರೋಗ್ರಾಮನ್ನು ಕಮ್ಯಾಂಡ್ ಲೈನಿನಲ್ಲಿ, ಎಂದರೆ ಆಜ್ಞೆಯ ಸಾಲಿನಲ್ಲಿ, ಹೆಸರು ಹಿಡಿದು ಕರೆಯುವಾಗ ಅದರ ಮುಂದೆಯೇ ಬೇಕಾದ ಸೆಟ್ಟಿಂಗುಗಳನ್ನು ಬರೆಯುತ್ತೇವೆ. ಪ್ಯಾನ್‌ಡಾಕಿನ ಫಿಲ್ಟರುಗಳಿಗೆ ಈ ನೇರದಾರಿಯಿಲ್ಲ. ಆಜ್ಞೆಯ ಸಾಲಿನಲ್ಲಿ ಫಿಲ್ಟರಿನ ಹೆಸರನ್ನಷ್ಟೇ ಕೊಡಬಹುದು. ಪೈಥಾನ್ ಮೊದಲಾದ ಬೇರೆ ಭಾಷೆಗಳಲ್ಲಿ ಬರೆದು ಹೊರಗಿನಿಂದ ಓಡಿಸುವ ಫಿಲ್ಟರುಗಳಿಗೆ ಪ್ಯಾನ್‌ಡಾಕ್ ತಾನಾಗಿ ಆಜ್ಞೆಯ ಸಾಲಿನ ಮೂಲಕ ಒಂದೇ ಮಾತನ್ನು ಮುಟ್ಟಿಸುತ್ತದೆ; ಅದು ಬರಹವು ಯಾವ ರೂಪಕ್ಕೆ ಹೋಗಲಿದೆ ಎಂಬುದು. ಉಳಿದುದನ್ನೆಲ್ಲ ಬರಹದ ಮೆಟಾಡೇಟ ಚೀಟಿಯ ಮೂಲಕವೇ ಕಳುಹಿಸುವುದು ವಾಡಿಕೆಯ ದಾರಿ. ಆಜ್ಞೆಯ ಸಾಲಿನಲ್ಲಿ ‘-ಎಮ್ ಅಂಕಿ=ಕನ್ನಡ’ ಎಂದು ಬರೆದರೆ (ಎಮ್ ಎಂಬುದು ರೋಮನ್ ಲಿಪಿಯ ದೊಡ್ಡಕ್ಷರ) ಆ ಮಾತು ಚೀಟಿಯಲ್ಲಿ ಸೇರುತ್ತದೆ; ಫಿಲ್ಟರು ಚೀಟಿಯನ್ನು ಬಿಚ್ಚಿ ಓದಿಕೊಳ್ಳುತ್ತದೆ.

ಇದು ಸುತ್ತುಬಳಸಿನ ಮಾರ್ಗವೆಂದು ಹಲವರು ಆಕ್ಷೇಪಿಸುವುದುಂಟು. ಎದುರಿಗಿರುವವನಿಗೆ ನೇರವಾಗಿ ಹೇಳದೆ ಚೀಟಿ ಬರೆದು ಕಳುಹಿಸುವುದೇಕೆ ಎಂಬುದು ಅವರ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಈ ಸುತ್ತುಬಳಸೇ ಅದರ ಗುಣ. ಕಿವಿಯಲ್ಲಿ ಹೇಳಿದ ಮಾತು ಹೇಳಿದವನಿಗೂ ಕೇಳಿದವನಿಗೂ ಮಾತ್ರ ಗೊತ್ತು. ಚೀಟಿಯಲ್ಲಿ ಬರೆದ ಮಾತಾದರೋ ಬರಹದ ಜೊತೆಯಲ್ಲಿಯೇ ಸಾಗುತ್ತದೆ. ಒಂದರ ಹಿಂದೆ ಒಂದು ಮೂರು ಫಿಲ್ಟರುಗಳಿದ್ದರೆ ಮೂರೂ ಅದನ್ನು ಓದಬಲ್ಲವು. ಮೇಲಾಗಿ, ಅದೇ ಮಾತನ್ನು ಆಜ್ಞೆಯ ಸಾಲಿನಲ್ಲಿ ಬರೆಯುವ ಬದಲು ಬರಹದ ತಲೆಯಲ್ಲಿಯೇ ಬರೆದಿಟ್ಟರೂ ಫಿಲ್ಟರು ಅದನ್ನು ಅದೇ ಜಾಗದಲ್ಲಿ ಕಾಣುತ್ತದೆ. ಹೀಗೆ ಸೆಟ್ಟಿಂಗು ಎಂಬುದು ಯಂತ್ರದ ಗುಟ್ಟಾಗಿ ಉಳಿಯದೆ ಬರಹದ ಒಂದು ಲಕ್ಷಣವಾಗುತ್ತದೆ. ಪ್ರಯೋಗದ ಪುಸ್ತಕದಲ್ಲಿ ಉಷ್ಣತೆಯನ್ನು ಬರೆದಿಡುವುದಕ್ಕೂ ಇದಕ್ಕೂ ನನಗೆ ಭೇದ ಕಾಣುವುದಿಲ್ಲ.

ಆದರೆ ಒಂದೇ ಮಾತನ್ನು ಹಲವು ಕಡೆ ಹೇಳಬಹುದಾದಾಗ ಯಾವುದು ಮೇಲು ಎಂಬ ನಿಯಮ ಬೇಕಾಗುತ್ತದೆ. ಪ್ಯಾನ್‌ಡಾಕಿನಲ್ಲಿ ಅದು ಸ್ಪಷ್ಟವಾಗಿದೆ. ಮೆಟಾಡೇಟವನ್ನು ಬೇರೆ ಫೈಲಿನಲ್ಲಿ ಬರೆದಿಟ್ಟಿದ್ದರೆ ಅದಕ್ಕಿಂತ ಬರಹದ ತಲೆಯಲ್ಲಿರುವುದು ಮೇಲು; ಬರಹದ ತಲೆಯಲ್ಲಿರುವುದಕ್ಕಿಂತ ಆಜ್ಞೆಯ ಸಾಲಿನಲ್ಲಿ ದೊಡ್ಡ ಎಮ್ ಮೂಲಕ ಹೇಳಿದ್ದು ಮೇಲು. ಎಂದರೆ ಬರಹಕ್ಕೆ ಹತ್ತಿರವಾದ ಮಾತು ದೂರದ ಮಾತನ್ನು ಗೆಲ್ಲುತ್ತದೆ. ಈ ಗಳಿಗೆಯಲ್ಲಿ ಆಡಿದ ಮಾತು ಎಲ್ಲವನ್ನೂ ಗೆಲ್ಲುತ್ತದೆ. ಈ ಕ್ರಮದಿಂದ ನಮ್ಮ ಕರ್ತವ್ಯವೂ ತಾನಾಗಿ ಹೊರಡುತ್ತದೆ. ಬರಹಕ್ಕೆ ಸದಾ ಅನ್ವಯಿಸುವ ಮಾತನ್ನು ಬರಹದ ತಲೆಯಲ್ಲಿ ಬರೆಯಬೇಕು. ಈ ಬಾರಿಯ ಸಂದರ್ಭಕ್ಕೆ ಮಾತ್ರ ಸಲ್ಲುವುದನ್ನು ಆಜ್ಞೆಯ ಸಾಲಿನಲ್ಲಿ ಬರೆಯಬೇಕು. ಸ್ಕ್ರಿಪ್ಟಿನ ಒಳಗೆ, ಯಾರೂ ಏನೂ ಹೇಳದಿದ್ದಾಗ ನಡೆಯಬೇಕಾದುದನ್ನು ಮಾತ್ರ ಬರೆಯಬೇಕು. ಪ್ರತಿ ಬಾರಿಯೂ ಸ್ಕ್ರಿಪ್ಟನ್ನೇ ತೆರೆದು ಒಂದು ಪದವನ್ನು ತಿದ್ದಿ ಓಡಿಸುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದೆ. ಅದು ಪ್ರತಿ ತೂಕಕ್ಕೂ ತಕ್ಕಡಿಯ ದಂಡವನ್ನು ಅರದಿಂದ ಉಜ್ಜಿದಂತೆ.

ಇಲ್ಲಿ ಇನ್ನೊಂದು ಬಾಗಿಲಿನ ವಿಷಯವನ್ನೂ ಹೇಳಬೇಕು. ದೊಡ್ಡ ಎಮ್ ಇರುವಂತೆಯೇ ದೊಡ್ಡ ‘ವಿ’ ಎಂಬ ಗುರುತೂ ಇದೆ. ಅದರ ಮೂಲಕ ಹೇಳಿದ ಮಾತು ಚೀಟಿಗೆ ಸೇರದೆ, ಅಂತಿಮ ರೂಪದ ಅಚ್ಚಿಗೆ, ಎಂದರೆ ಟೆಂಪ್ಲೇಟಿಗೆ, ಹೋಗುತ್ತದೆ. ಕನ್ನಡಿಗರಿಗೆ ಇದರ ಪರಿಚಯ ಬೇಗ ಆಗುತ್ತದೆ. ಪ್ಯಾನ್‌ಡಾಕ್ ಪಿಡಿಎಫ್ ಪ್ರತಿಯನ್ನು ಮಾಡುವಾಗ ರೂಢಿಯಂತೆ ಬಳಸುವ ಪಿಡಿಎಫ್‌ಲೇಟೆಕ್ ಕನ್ನಡ ಲಿಪಿಯನ್ನು ಕೂಡಿಸಲಾರದು. ಝೀಲೇಟೆಕ್ ಎಂಬ ಬೇರೆ ಯಂತ್ರವನ್ನು ಆರಿಸಿಕೊಂಡು, ಮುಖ್ಯ ಫಾಂಟು ಯಾವುದೆಂಬುದನ್ನು ದೊಡ್ಡ ‘ವಿ’ ಮೂಲಕ ತಿಳಿಸಿದರೆ ಕನ್ನಡವು ಚೆನ್ನಾಗಿ ಮೂಡುತ್ತದೆ. ಫಾಂಟು ಅಚ್ಚಿಗೆ ಸೇರಿದ ವಿಷಯವಾದುದರಿಂದ ಇದು ಯುಕ್ತವಾಗಿಯೇ ಇದೆ. ಆದರೆ ಫಿಲ್ಟರಿಗೆ ಹೇಳಬೇಕಾದುದನ್ನು ಮರೆತು ಈ ಬಾಗಿಲಿನಿಂದ ಕಳುಹಿಸಿದರೆ, ಫಿಲ್ಟರು ಚೀಟಿಯನ್ನು ಎಷ್ಟು ಹುಡುಕಿದರೂ ಅದು ಸಿಕ್ಕದು. ಯಂತ್ರವು ತಪ್ಪೆಂದು ಕೂಗಿಯೂ ಹೇಳದು. ಹೆಸರಿನ ಕಾಗುಣಿತ ತಪ್ಪಿದರೂ ಗತಿ ಇದೇ. ‘ಅಂಕಿ’ ಎನ್ನಬೇಕಾದಲ್ಲಿ ‘ಅಂಕೆ’ ಎಂದರೆ ಅದೊಂದು ಹೊಸ ಹೆಸರೆಂದು ಚೀಟಿಯಲ್ಲಿ ಬರೆದುಕೊಂಡು ಸುಮ್ಮನಾಗುತ್ತದೆ.

ಯಂತ್ರದ ಈ ಮೌನವೇ ನಾವು ಎಚ್ಚರಿಕೆಯಿಂದಿರಬೇಕಾದ ವಿಷಯ. ಅದಕ್ಕೆ ಇನ್ನೂ ಕೆಲವು ನಿದರ್ಶನಗಳನ್ನು ಕೊಡುತ್ತೇನೆ. ಲೆಕ್ಕಗಳ ಹಾಳೆಯಲ್ಲಿ ಪ್ರತಿ ಲೆಕ್ಕದ ಕೆಳಗೂ ಉತ್ತರವಿದೆ. ಅಧ್ಯಾಪಕರ ಪ್ರತಿಯಲ್ಲಿ ಅದು ಕಾಣಬೇಕು, ವಿದ್ಯಾರ್ಥಿಗಳ ಪ್ರತಿಯಲ್ಲಿ ಕಾಣಬಾರದು ಎನ್ನೋಣ. ಅದಕ್ಕೊಂದು ಫಿಲ್ಟರನ್ನು ಬರೆದು, ಆಜ್ಞೆಯ ಸಾಲಿನಲ್ಲಿ ‘ಉತ್ತರ=ಬೇಡ’ ಎಂದು ಹೇಳಿದರೆ ಏನಾಗುತ್ತದೆ? ಪ್ಯಾನ್‌ಡಾಕ್ ‘ಟ್ರೂ’, ‘ಫಾಲ್ಸ್’ ಎಂಬ ಎರಡು ಇಂಗ್ಲಿಷ್ ಪದಗಳನ್ನು ಮಾತ್ರ ಸತ್ಯ, ಅಸತ್ಯ ಎಂಬ ತಾರ್ಕಿಕ ಬೆಲೆಗಳನ್ನಾಗಿ ತಿಳಿಯುತ್ತದೆ. ‘ಬೇಡ’ ಎಂಬುದು ಅದಕ್ಕೆ ಬರಿಯ ಅಕ್ಷರಗಳ ಸರಣಿ. ಲುವಾ ಭಾಷೆಯಲ್ಲಾದರೋ ‘ಅಸತ್ಯ’ ಮತ್ತು ‘ಏನೂ ಇಲ್ಲ’ ಎಂಬ ಎರಡನ್ನು ಬಿಟ್ಟು ಮಿಕ್ಕುದೆಲ್ಲವೂ ಸತ್ಯವೇ. ಸೊನ್ನೆಯೂ ಸತ್ಯ, ಖಾಲಿ ಸರಣಿಯೂ ಸತ್ಯ. ಆದುದರಿಂದ ಉತ್ತರದ ಬೆಲೆ ಸತ್ಯವೇ ಎಂದಷ್ಟೇ ಕೇಳುವ ಸ್ಕ್ರಿಪ್ಟು ‘ಬೇಡ’ ಎಂಬುದನ್ನು ‘ಬೇಕು’ ಎಂದೇ ಗ್ರಹಿಸುತ್ತದೆ! ಪರೀಕ್ಷೆಯ ಹಿಂದಿನ ದಿನ ಉತ್ತರಗಳು ವಿದ್ಯಾರ್ಥಿಗಳ ಕೈ ಸೇರಲು ಇಷ್ಟು ಸಾಕು.

ಸಂಖ್ಯೆಗಳ ವಿಷಯವೂ ಹೀಗೆಯೇ. ದೊಡ್ಡ ಎಮ್ ಮೂಲಕ 72 ಎಂದು ಕಳುಹಿಸಿದರೆ ಫಿಲ್ಟರಿಗೆ ತಲುಪುವುದು ಎಪ್ಪತ್ತೆರಡು ಎಂಬ ಸಂಖ್ಯೆಯಲ್ಲ, 7 ಮತ್ತು 2 ಎಂಬ ಎರಡು ಅಕ್ಷರಗಳು. ಅದು 72ಕ್ಕೆ ಸಮವೇ ಎಂದು ಲುವಾವನ್ನು ಕೇಳಿದರೆ ಅಲ್ಲ ಎನ್ನುತ್ತದೆ. ಅಕ್ಷರಸರಣಿಗಳಾಗಿ ಹೋಲಿಸಿದರೆ 10ಕ್ಕಿಂತ 9 ದೊಡ್ಡದು, ನಿಘಂಟಿನಲ್ಲಿ ಮೊದಲಕ್ಷರವನ್ನು ನೋಡಿ ಪದಗಳನ್ನು ಜೋಡಿಸುವಂತೆ. ಸಂಖ್ಯೆಯಾಗಿ ಪರಿವರ್ತಿಸಿಕೊಂಡ ಮೇಲೂ ಮಾನ ಯಾವುದೆಂಬ ಪ್ರಶ್ನೆ ಉಳಿಯುತ್ತದೆ. 72 ಎಂದರೆ ಮಿಲಿಮೀಟರೋ, ಅಚ್ಚಿನ ಪಾಯಿಂಟೋ? ಇದು ಕ್ಷುಲ್ಲಕವಾದ ಮಾತಲ್ಲ. ಅಮೆರಿಕದ ನಾಸಾ ಸಂಸ್ಥೆ ಮಂಗಳ ಗ್ರಹಕ್ಕೆ ಕಳುಹಿಸಿದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆ 1999ರ ಸೆಪ್ಟೆಂಬರ್ 23ರಂದು ನಾಶವಾದುದು ಇಂಥದೇ ಕಾರಣದಿಂದ. ನೌಕೆಯ ಚಿಕ್ಕ ರಾಕೆಟ್ಟುಗಳ ಆವೇಗವನ್ನು ಒಂದು ಪ್ರೋಗ್ರಾಮು ಪೌಂಡ್-ಸೆಕೆಂಡುಗಳಲ್ಲಿ ಬರೆದು ಕೊಟ್ಟಿತು. ಅದನ್ನು ಪಡೆದ ಇನ್ನೊಂದು ನ್ಯೂಟನ್-ಸೆಕೆಂಡುಗಳೆಂದು ಓದಿಕೊಂಡಿತು. ಒಂದಕ್ಕೂ ಇನ್ನೊಂದಕ್ಕೂ ಸುಮಾರು 4.45 ಪಟ್ಟು ವ್ಯತ್ಯಾಸ. ಸಂಖ್ಯೆಗಳೆಲ್ಲ ಸರಿಯಾಗಿಯೇ ತಲುಪಿದವು. ಅವುಗಳ ಅರ್ಥ ಮಾತ್ರ ತಲುಪಲಿಲ್ಲ.

ಇನ್ನೆರಡು ತೊಡಕುಗಳು ಪ್ಯಾನ್‌ಡಾಕಿಗೇ ವಿಶಿಷ್ಟವಾದವು. ಮೊದಲನೆಯದು, ಒಂದೇ ಮಾತು ಎರಡು ವೇಷಗಳಲ್ಲಿ ಬರುವುದು. ‘ಕನ್ನಡ’ ಎಂಬ ಪದವನ್ನು ಆಜ್ಞೆಯ ಸಾಲಿನಲ್ಲಿ ಬರೆದರೆ ಅದು ಶುದ್ಧ ಅಕ್ಷರಸರಣಿಯಾಗಿ ಬರುತ್ತದೆ. ಅದನ್ನೇ ಮಾರ್ಕ್‌ಡೌನ್ ಬರಹದ ತಲೆಯಲ್ಲಿ ಬರೆದರೆ, ಅದೂ ಬರಹದ ಭಾಗವೇ ಎಂದೆಣಿಸಿ ಪ್ಯಾನ್‌ಡಾಕ್ ಅದನ್ನು ಒಂದು ಪುಟ್ಟ ರೆಂಬೆಯನ್ನಾಗಿ ಮಾಡಿಬಿಡುತ್ತದೆ. ಆಗ ನೇರವಾದ ಹೋಲಿಕೆ ತಾಳೆಯಾಗುವುದಿಲ್ಲ. ಯಾವ ವೇಷದಲ್ಲಿ ಬಂದರೂ ಅದನ್ನು ಮೊದಲು ಸರಣಿಯನ್ನಾಗಿಸಿಕೊಳ್ಳುವ ‘ಸ್ಟ್ರಿಂಗಿಫೈ’ ಎಂಬ ಉಪಕರಣವು ಪ್ಯಾನ್‌ಡಾಕಿನಲ್ಲಿಯೇ ಇದೆ. ಅದನ್ನು ತಪ್ಪದೆ ಬಳಸಬೇಕು. ಎರಡನೆಯದು ಕ್ರಮಕ್ಕೆ ಸಂಬಂಧಿಸಿದ್ದು. ಒಂದು ಫಿಲ್ಟರಿನೊಳಗೆ ಪ್ಯಾನ್‌ಡಾಕ್ ರೂಢಿಯಂತೆ ಮೊದಲು ಪದಗಳನ್ನೂ, ಆಮೇಲೆ ಪ್ಯಾರ ಮುಂತಾದ ಖಂಡಗಳನ್ನೂ, ಅವೆಲ್ಲ ಮುಗಿದ ಮೇಲೆ ಮೆಟಾಡೇಟವನ್ನೂ ನೋಡುತ್ತದೆ. ಎಂದರೆ ಕನ್ನಡ ಅಂಕಿ ಬೇಕೆಂಬ ಚೀಟಿಯನ್ನು ಬಿಚ್ಚುವ ಹೊತ್ತಿಗೆ ಪದಗಳ ಕೆಲಸ ಮುಗಿದೇ ಹೋಗಿರುತ್ತದೆ! ಸ್ಕ್ರೂ ಗೇಜಿನ ಶೂನ್ಯದೋಷವನ್ನು ಎಲ್ಲ ವಾಚನಗಳನ್ನು ತೆಗೆದು ಉತ್ತರ ಬರೆದು ಮುಗಿಸಿದ ಬಳಿಕ ನೋಡಿದಂತೆ. ಪರಿಹಾರವೂ ಪ್ರಯೋಗಶಾಲೆಯದೇ: ಕೆಲಸವನ್ನು ಎರಡು ಸುತ್ತಾಗಿ ವಿಭಾಗಿಸಿ, ಮೊದಲ ಸುತ್ತಿನಲ್ಲಿ ಮೆಟಾಡೇಟವನ್ನು ಮಾತ್ರ ಓದಿ, ಎರಡನೆಯ ಸುತ್ತಿನಲ್ಲಿ ಪದಗಳಿಗೆ ಕೈಹಾಕಬೇಕು.

ಯಾರೂ ಏನೂ ಹೇಳದಿದ್ದಾಗ ಸ್ಕ್ರಿಪ್ಟು ಏನು ಮಾಡಬೇಕು ಎಂಬುದು ಇವೆಲ್ಲಕ್ಕಿಂತ ಗಹನವಾದ ಪ್ರಶ್ನೆ. ರೈಲ್ವೆಯ ಇತಿಹಾಸವು ಇದಕ್ಕೆ ಒಳ್ಳೆಯ ಪಾಠವನ್ನು ಕೊಡುತ್ತದೆ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೂಪಿಸಿದ ಗಾಳಿಯ ಬ್ರೇಕಿನಲ್ಲಿ ಕೊಳವೆಯೊಳಗೆ ಒತ್ತಡವನ್ನು ತುಂಬಿದಾಗ ಬ್ರೇಕು ಹಿಡಿಯುತ್ತಿತ್ತು. ಕೊಳವೆ ಒಡೆದರೆ ಬ್ರೇಕೇ ಇಲ್ಲ. ಕೆಲವೇ ವರ್ಷಗಳಲ್ಲಿ ಅವನು ಅದನ್ನು ತಿರುಗುಮುರುಗು ಮಾಡಿದನು. ಹೊಸ ಏರ್ಪಾಡಿನಲ್ಲಿ ಕೊಳವೆಯ ಒತ್ತಡವು ಬ್ರೇಕನ್ನು ಬಿಡಿಸಿ ಹಿಡಿಯುತ್ತದೆ. ಒತ್ತಡ ಇಳಿದರೆ ಪ್ರತಿ ಬಂಡಿಯಲ್ಲೂ ಕೂಡಿಟ್ಟ ಗಾಳಿಯೇ ಬ್ರೇಕನ್ನು ಒತ್ತುತ್ತದೆ. ಕೊಳವೆ ಒಡೆದರೂ ಕೊಂಡಿ ಕಳಚಿದರೂ ಗಾಡಿ ತಾನಾಗಿ ನಿಲ್ಲುತ್ತದೆ. ಸ್ಕ್ರಿಪ್ಟಿನ ಮೌನಸ್ಥಿತಿಯೂ ಹೀಗೆಯೇ ನಿರಪಾಯಕರವಾಗಿರಬೇಕು. ಉತ್ತರಗಳನ್ನು ಮರೆಮಾಡಲು ಸೆಟ್ಟಿಂಗು ಬೇಕೆಂದು ಮಾಡಬಾರದು. ಉತ್ತರಗಳನ್ನು ತೋರಿಸಲು ಸೆಟ್ಟಿಂಗು ಬೇಕೆಂದು ಮಾಡಬೇಕು. ಆಗ ಮರೆವು, ಕಾಗುಣಿತದ ತಪ್ಪು, ತಪ್ಪು ಬಾಗಿಲು, ಇವುಗಳಲ್ಲಿ ಯಾವುದು ಸಂಭವಿಸಿದರೂ ಉತ್ತರಗಳು ಮರೆಯಲ್ಲಿಯೇ ಇರುತ್ತವೆ. ಇನ್ನು ಬಂದ ಮಾತು ಅರ್ಥವಾಗದಿದ್ದರೆ, ಊಹೆ ಮಾಡುವುದನ್ನು ಬಿಟ್ಟು, ಸ್ಕ್ರಿಪ್ಟು ಕೆಲಸವನ್ನು ನಿಲ್ಲಿಸಿ ಕಾರಣವನ್ನು ಹೇಳಬೇಕು. ‘ಬೇಕು’, ‘ಬೇಡ’ ಎಂಬ ಎರಡನ್ನೇ ಒಪ್ಪುವುದಾದರೆ ಎರಡನ್ನೂ ಹೆಸರಿಸಿ ಪರೀಕ್ಷಿಸಿ, ಮೂರನೆಯದು ಬಂದಾಗ ಗದರಿಸಲು ನಾಲ್ಕೈದು ಸಾಲು ಸಾಕು.

ನನ್ನ ವಾದಕ್ಕೆ ಎರಡು ಪ್ರತಿವಾದಗಳಿವೆ. ಮೆಟಾಡೇಟದ ಗೊಡವೆಯೇ ಬೇಡ, ಕಂಪ್ಯೂಟರಿನ ಪರಿಸರ ಚರಗಳ ಮೂಲಕ ಸೆಟ್ಟಿಂಗನ್ನು ತಿಳಿಸಿದರೆ ಲುವಾ ಸ್ಕ್ರಿಪ್ಟು ಅದನ್ನು ಸುಲಭವಾಗಿ ಓದಬಲ್ಲದು ಎಂಬುದು ಮೊದಲನೆಯದು. ಇದು ನಿಜ. ರಹಸ್ಯವಾದ ಪದಗಳನ್ನು ಬರಹದಲ್ಲಿ ಉಳಿಯದಂತೆ ಕಳುಹಿಸಬೇಕಾದಾಗ ಇದೇ ಯುಕ್ತ. ಆದರೆ ಪರಿಸರ ಚರವು ಕೋಣೆಯ ತೇವಾಂಶದಂತೆ. ಕಣ್ಣಿಗೆ ಕಾಣದೆ ಫಲಿತಾಂಶವನ್ನು ಬದಲಾಯಿಸುತ್ತದೆ. ಈ ಯಂತ್ರದಲ್ಲಿದ್ದುದು ಆ ಯಂತ್ರದಲ್ಲಿರುವುದಿಲ್ಲ. ಎರಡನೆಯ ಪ್ರತಿವಾದ ಇನ್ನೂ ಬಲವಾದುದು. ಲೇಖಕನ ಹೆಸರು, ಶೀರ್ಷಿಕೆ ಮುಂತಾದ ಬರಹದ ವಿವರಗಳ ನಡುವೆ ಸ್ಕ್ರಿಪ್ಟಿನ ಸೆಟ್ಟಿಂಗುಗಳನ್ನೂ ತುರುಕಿದರೆ ಚೀಟಿಯು ಸಂತೆಯಾಗುತ್ತದೆ, ಹೆಸರುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂದು ಅದು ಹೇಳುತ್ತದೆ. ಈ ಅಪಾಯ ಇದ್ದೇ ಇದೆ. ಉದಾಹರಣೆಗೆ ‘ಲ್ಯಾಂಗ್’ ಎಂಬ ಹೆಸರನ್ನು ಪ್ಯಾನ್‌ಡಾಕ್ ಬರಹದ ಭಾಷೆಯನ್ನು ಸೂಚಿಸಲು ಮೀಸಲಿಟ್ಟಿದೆ. ಫಿಲ್ಟರೊಂದು ಅದನ್ನು ತನ್ನ ಕೆಲಸಕ್ಕೆ ಹಿಡಿದುಕೊಂಡರೆ ಪುಟದ ಭಾಷೆಯೇ ತಪ್ಪಾಗಿ ನಮೂದಾಗುತ್ತದೆ. ಇದಕ್ಕೆ ಮದ್ದು ಸುಲಭ. ಸೆಟ್ಟಿಂಗಿನ ಹೆಸರಿಗೆ ಫಿಲ್ಟರಿನ ಹೆಸರನ್ನೇ ಮುಂಗುರುತಾಗಿ ಸೇರಿಸಿದರೆ ಗೊಂದಲವಿರದು. ಒಂದೇ ಊರಿನಲ್ಲಿ ಹಲವು ರಾಮಪ್ಪಗಳಿದ್ದರೆ ಮನೆತನದ ಹೆಸರನ್ನು ಸೇರಿಸಿ ಕರೆಯುವುದಿಲ್ಲವೆ?

ಆಜ್ಞೆಯ ಸಾಲು ಉದ್ದವಾದಷ್ಟೂ ನೆನಪಿನಲ್ಲಿ ನಿಲ್ಲದೆಂಬುದು ಸತ್ಯ. ಅದಕ್ಕೂ ಪ್ಯಾನ್‌ಡಾಕಿನಲ್ಲಿ ಏರ್ಪಾಡಿದೆ. ಯಾವ ಫಿಲ್ಟರುಗಳು, ಯಾವ ಯಂತ್ರ, ಯಾವ ಮೆಟಾಡೇಟ ಎಂಬುದನ್ನೆಲ್ಲ ‘ಡಿಫಾಲ್ಟ್ಸ್’ ಎಂಬ ಒಂದು ಫೈಲಿನಲ್ಲಿ ಬರೆದಿಟ್ಟು, ಆಜ್ಞೆಯ ಸಾಲಿನಲ್ಲಿ ಆ ಫೈಲಿನ ಹೆಸರನ್ನು ಮಾತ್ರ ಹೇಳಬಹುದು. ಅಧ್ಯಾಪಕರ ಪ್ರತಿಗೆ ಒಂದು, ವಿದ್ಯಾರ್ಥಿಗಳ ಪ್ರತಿಗೆ ಒಂದು, ಮೊಬೈಲಿನಲ್ಲಿ ಓದುವವರಿಗೆ ಇನ್ನೊಂದು. ಮೂಲ ಬರಹ ಒಂದೇ, ಸ್ಕ್ರಿಪ್ಟೂ ಒಂದೇ; ಬೇರೆಯಾದುದು ಈ ಚಿಕ್ಕ ಫೈಲು ಮಾತ್ರ. ಅದನ್ನು ಬರಹದ ಜೊತೆಯಲ್ಲಿಯೇ ಕಾಪಾಡಿದರೆ ಬೇರೊಂದು ಊರಿನ ಅಧ್ಯಾಪಕರೂ ಅದೇ ಹಾಳೆಯನ್ನು ತಮ್ಮಲ್ಲಿ ತೆಗೆದುಕೊಳ್ಳಬಲ್ಲರು. ನಾಡಿನ ಒಂದು ಮೂಲೆಯಲ್ಲಿ ಒಬ್ಬರು ಶ್ರಮಪಟ್ಟು ಸಿದ್ಧಪಡಿಸಿದ ಕನ್ನಡ ಪಾಠ ಇನ್ನೊಂದು ಮೂಲೆಯಲ್ಲಿ ಕೆಲಸಕ್ಕೆ ಬಾರದೆ ಹೋಗುವ ನಷ್ಟವನ್ನು ತಪ್ಪಿಸಲು ಇದೊಂದು ಸಣ್ಣ ಸಾಧನ.

ಭೌತಶಾಸ್ತ್ರದ ವಿದ್ಯಾರ್ಥಿಗೆ ಇದೆಲ್ಲ ಏತಕ್ಕೆಂದು ಕೆಲವರು ಕೇಳಬಹುದು. ಇಂದು ನಮ್ಮ ಅಳತೆ, ಲೆಕ್ಕ, ರೇಖಾಚಿತ್ರ, ವರದಿ ಎಲ್ಲವೂ ಕಂಪ್ಯೂಟರಿನ ಮೂಲಕವೇ ಹಾದುಹೋಗುತ್ತಿವೆ. ಅಲ್ಲಿ ಹೇಳಿದ ಒಂದೊಂದು ಮಾತೂ ಫಲಿತಾಂಶದಲ್ಲಿ ಬೆರೆತಿರುತ್ತದೆ. ಆದುದರಿಂದ ಕಾಲೇಜಿನ ದಾಖಲೆ ಪುಸ್ತಕದಲ್ಲಿ ಉಪಕರಣಗಳ ಪಟ್ಟಿಯ ಕೆಳಗೆ ಯಂತ್ರಕ್ಕೆ ಕೊಟ್ಟ ಆಜ್ಞೆಯ ಸಾಲನ್ನೂ ಬರೆಯಬೇಕೆಂದು ನಾವು ಅಧ್ಯಾಪಕರು ವಿಧಿಸಬೇಕು. ಅದಕ್ಕೆ ಅಂಕವನ್ನೂ ಕೊಡಬೇಕು. ತರುಣ ಮಿತ್ರರಾದರೋ ನಾವು ವಿಧಿಸುವವರೆಗೂ ಕಾಯಬೇಕಾಗಿಲ್ಲ. ಮುಂದಿನ ವರದಿಯ ಕೊನೆಯಲ್ಲಿ ಒಂದು ಸಾಲನ್ನು ಸೇರಿಸಿ ನೋಡಲಿ. ಆ ಸಾಲನ್ನು ಸಹಪಾಠಿಯೊಬ್ಬನ ಕೈಗೆ ಕೊಟ್ಟು, ತನ್ನ ಸಹಾಯವಿಲ್ಲದೆ ಅದೇ ಪ್ರತಿ ಅವನ ಯಂತ್ರದಲ್ಲಿ ಹೊರಬರುತ್ತದೆಯೆ ಎಂದು ಪರೀಕ್ಷಿಸಲಿ. ಬರದಿದ್ದರೆ, ಹೇಳದೆ ಉಳಿದ ಮಾತು ಯಾವುದೆಂದು ಇಬ್ಬರೂ ಕೂಡಿ ಹುಡುಕಲಿ.